ತಾನೇ ಬಿಚ್ಚಿಕೊಳ್ಳುವ ಗಂಟು

ಅಮೆರಿಕದ ಲ್ಯಾರಿ ವಾಲ್ 1987ರ ಡಿಸೆಂಬರಿನಲ್ಲಿ ಪರ್ಲ್ ಎಂಬ ಹೊಸ ಕಂಪ್ಯೂಟರ್ ಭಾಷೆಯನ್ನು ಹೊರತಂದರು. ಅದನ್ನು ದೂರದೂರದ ಯುನಿಕ್ಸ್ ಬಳಕೆದಾರರಿಗೆ ತಲುಪಿಸುವುದು ಹೇಗೆ? ವೆಬ್ ಇನ್ನೂ ಹುಟ್ಟಿರಲಿಲ್ಲ. ಇದ್ದದ್ದು ಯೂಸ್‌ನೆಟ್ ಎಂಬ ಸುದ್ದಿಜಾಲ. ಅಲ್ಲಿ ಸಲೀಸಾಗಿ ಸಾಗುತ್ತಿದ್ದುದು ಬರೀ ಅಕ್ಷರಗಳು. ಸಂದೇಶ ತೀರಾ ಉದ್ದವಾದರೆ ದಾರಿಯಲ್ಲೇ ತುಂಡಾಗುವ ಭಯ ಬೇರೆ.

ವಾಲ್ ತಮ್ಮ ತಂತ್ರಾಂಶವನ್ನು ಹತ್ತು ಕಂತು ಮಾಡಿದರು. ಒಂದೊಂದು ಕಂತೂ ಒಂದು ಶೆಲ್ ಸ್ಕ್ರಿಪ್ಟ್. ಯುನಿಕ್ಸ್‌ನಲ್ಲಿ ನಾವು ಟೈಪ್ ಮಾಡಿದ ಆಜ್ಞೆಯನ್ನು ಓದಿ ನಡೆಸುವುದು ಶೆಲ್. ಅಂಥ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತವೇ ಶೆಲ್ ಸ್ಕ್ರಿಪ್ಟ್. ಪಡೆದವರು ಅದನ್ನು ನಡೆಸಿದರೆ ಸಾಕು, ಒಳಗಿನ ಕಡತಗಳು ಒಂದೊಂದಾಗಿ ಹೊರಬೀಳುತ್ತಿದ್ದವು. ಗಂಟು ಬಿಚ್ಚಲು ಬೇರೆ ಸಲಕರಣೆ ಬೇಡ!

ಯುಕ್ತಿ ಸರಳ. ‘ಇಂಥ ಗುರುತು ಬರುವವರೆಗಿನ ಸಾಲುಗಳನ್ನೆಲ್ಲ ಇಂಥ ಹೆಸರಿನ ಕಡತಕ್ಕೆ ತುಂಬು’ ಎಂದು ಶೆಲ್‌ಗೆ ಹೇಳುವುದು. ಆ ಗುರುತು ಕಡತದೊಳಗೆ ಅಪ್ಪಿತಪ್ಪಿಯೂ ಬರಬಾರದು. ಅದಕ್ಕೇ ವಾಲ್ ಆಶ್ಚರ್ಯಸೂಚಕ ಚಿಹ್ನೆಗಳ ನಡುವೆ ‘ಸ್ಟಫಿ ಫಂಕ್’ ಎಂಬ ಅರ್ಥವಿಲ್ಲದ ಮಾತನ್ನು ಇಟ್ಟರು. ಇಂಥ ಗಂಟುಗಳಲ್ಲಿ ಸಾಲಿನ ಮೊದಲಿಗೆ ‘ಎಕ್ಸ್’ ಅಕ್ಷರ ಸೇರಿಸುವ ರೂಢಿಯೂ ಇತ್ತು. ಚುಕ್ಕಿಯೊಂದೇ ಇರುವ ಸಾಲನ್ನು ಸಂದೇಶದ ಕೊನೆಯೆಂದು ತಿಳಿಯುವ ಅಂಚೆ ವ್ಯವಸ್ಥೆಗಳಿಂದ ಅದು ರಕ್ಷಣೆ. ಬಿಚ್ಚುವಾಗ ‘ಸೆಡ್’ ಎಂಬ ಉಪಕರಣ ಆ ಎಕ್ಸನ್ನು ಅಳಿಸಿಹಾಕುತ್ತದೆ.

ಕೊನೆಯ ಸಾಲು ‘ಎಕ್ಸಿಟ್’. ಯಾರಾದರೂ ಅದನ್ನು ಅಂಚೆಯಲ್ಲಿ ಮುಂದೆ ಕಳಿಸಿದರೆ ಅಡಿಯಲ್ಲಿ ಅವರ ಹೆಸರು, ವಿಳಾಸ ಅಂಟಿಕೊಂಡೀತು. ಶೆಲ್ ಅದನ್ನೂ ಆಜ್ಞೆಯೆಂದು ಭಾವಿಸಬಾರದಲ್ಲ!

ಈ ಪುಟ್ಟ ಎಚ್ಚರಿಕೆಯಲ್ಲೇ ದೊಡ್ಡ ಉಪಾಯ ಅಡಗಿದೆ. ಎಕ್ಸಿಟ್ ಕಂಡೊಡನೆ ಶೆಲ್ ಓದು ನಿಲ್ಲಿಸುವುದರಿಂದ ಅದರ ಕೆಳಗೆ ಏನನ್ನು ಬೇಕಾದರೂ ಇಡಬಹುದು, ಕುಗ್ಗಿಸಿದ ಕಡತವನ್ನೂ ಸಹ. ಮೇಲಿನ ಸ್ಕ್ರಿಪ್ಟ್ ‘ಟೇಲ್’ ಆಜ್ಞೆಯಿಂದ ತನ್ನದೇ ಬಾಲವನ್ನು ಕತ್ತರಿಸಿ, ಹಿಗ್ಗಿಸಿ, ಕಡತಗಳನ್ನು ಹರಡುತ್ತದೆ. ವಿಂಡೋಸ್ ಆಟಗಳನ್ನು ಲಿನಕ್ಸ್‌ಗೆ ತರುತ್ತಿದ್ದ ಲೋಕಿ ಸಾಫ್ಟ್‌ವೇರ್ ಸಂಸ್ಥೆಯಲ್ಲಿದ್ದ ಸ್ಟೀಫನ್ ಪೀಟರ್ ರೂಪಿಸಿದ ‘ಮೇಕ್‌ಸೆಲ್ಫ್’ ಈ ಕೆಲಸವನ್ನೇ ಮಾಡುತ್ತದೆ. ಸಂಸ್ಥೆ 2002ರಲ್ಲಿ ಮುಚ್ಚಿತು, ಉಪಕರಣ ಉಳಿಯಿತು. ಎನ್‌ವಿಡಿಯಾ ಕಂಪನಿ ಲಿನಕ್ಸ್‌ಗೆ ಕೊಡುವ ಡ್ರೈವರ್‌ಗಳ ‘ರನ್’ ಕಡತ ಇದೇ ಜಾತಿಯದು.

ಆದರೆ ಪೋಷಕರು, ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಬಿಚ್ಚುವುದೆಂದರೆ ಇಲ್ಲಿ ನಡೆಸುವುದು. ಕಡತ ತುಂಬಿಸು ಎನ್ನುವ ಸ್ಕ್ರಿಪ್ಟ್, ಮನೆಯ ಫೋಟೊಗಳನ್ನೆಲ್ಲ ಅಳಿಸು ಎಂದೂ ಹೇಳಬಲ್ಲದು. ಒಳಗೇ ಇರುವ ತಾಳೆ ಮೊತ್ತ ದಾರಿಯಲ್ಲಿ ಕೆಟ್ಟದ್ದನ್ನು ಹಿಡಿದೀತೇ ಹೊರತು ಕಳಿಸಿದವನ ದುರುದ್ದೇಶವನ್ನಲ್ಲ. ಮೇಕ್‌ಸೆಲ್ಫ್ ಗಂಟಿಗೆ ‘ಲಿಸ್ಟ್’ ಎಂದರೆ ಒಳಗಿರುವುದರ ಪಟ್ಟಿ ತೋರಿಸುತ್ತದೆ, ನಿಜ. ಆದರೆ ಪಟ್ಟಿ ಕೊಡುವುದೂ ಆ ಸ್ಕ್ರಿಪ್ಟೇ! ಅದಕ್ಕಿಂತ ‘ಹೆಡ್’ ಆಜ್ಞೆಯಿಂದ ಮೊದಲ ಕೆಲವು ನೂರು ಸಾಲು ತೆರೆದು ಓದುವುದು ಮೇಲು. ಅದು ಬರೀ ಅಕ್ಷರ. ಓದಿದರೆ ಏನೂ ನಡೆಯುವುದಿಲ್ಲ.