ಪೂಲ್ ಆಟದ ಚೆಂಡುಗಳು: ಮನೆಗೆ ಯಾವುದು ತಕ್ಕುದು?

ಮನೆಯೊಳಗೆ ಪೂಲ್ ಮೇಜನ್ನಿಟ್ಟು ಆಡುವ ರೂಢಿಯು ಮುಖ್ಯವಾಗಿ ಅಮೆರಿಕದವರದು. ಅಲ್ಲಿನ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಇಂಥ ಮೇಜೊಂದು ಇದ್ದೇ ಇರುತ್ತದೆ. ಅಲ್ಲಿ ನೆಲಸಿರುವ ನಮ್ಮ ಕನ್ನಡಿಗರ ಮಕ್ಕಳೂ ಈಗ ಈ ಆಟವನ್ನು ಕಲಿತಿದ್ದಾರೆ. ಬೆಂಗಳೂರಿನ ವಸತಿ ಸಮುಚ್ಚಯಗಳ ಆಟದ ಕೋಣೆಗಳಲ್ಲಿಯೂ ಇದನ್ನು ಕಾಣಬಹುದು. ಮೇಜನ್ನು ಕೊಳ್ಳುವಾಗ ಗೃಹಸ್ಥನು ಹತ್ತು ಮಂದಿಯನ್ನು ವಿಚಾರಿಸುತ್ತಾನೆ; ಕಲ್ಲಿನ ಹಾಸು ಎಷ್ಟು ದಪ್ಪ, ಬಟ್ಟೆ ಯಾವುದು ಎಂದೆಲ್ಲ ಕೇಳುತ್ತಾನೆ. ಚೆಂಡುಗಳ ವಿಷಯ ಬಂದಾಗ ಮಾತ್ರ, ಮೇಜಿನೊಡನೆ ಬಂದುವೇ ಸಾಕು ಎಂದು ಸುಮ್ಮನಾಗುತ್ತಾನೆ. ವೀಣೆಯನ್ನು ಪರೀಕ್ಷಿಸಿ ಕೊಂಡು ತಂತಿಯನ್ನು ಮರೆತಂತೆ ಇದು.

ನಾವು ಈ ಆಟದಲ್ಲಿ ಪ್ರವೀಣರಲ್ಲ. ಆದರೆ ಅಮೆರಿಕದಲ್ಲಿರುವ ನಮ್ಮ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ಒಂದು ವಿಚಿತ್ರವನ್ನು ಕಂಡೆವು. ಮೊಮ್ಮಗನು ನಿಧಾನವಾಗಿ ಹೊಡೆದ ಚೆಂಡು ಪಾಕೆಟ್ಟಿನ ಬಾಯಿಯವರೆಗೆ ನೇರವಾಗಿ ಹೋಗಿ, ಕೊನೆಯ ಗೇಣಿನಲ್ಲಿ ಪಕ್ಕಕ್ಕೆ ಹೊರಳುತ್ತಿತ್ತು. ಹುಡುಗನು ತನ್ನ ಕೈಯನ್ನೇ ಹಳಿದುಕೊಳ್ಳುತ್ತಿದ್ದನು. ಆಟವನ್ನೇ ಬಿಡುವೆನೆಂದೂ ಒಂದು ದಿನ ಹೇಳಿದನು. ನಾವು ಅಡುಗೆಮನೆಯ ತೂಕದ ಯಂತ್ರವನ್ನು ತರಿಸಿ ಹದಿನಾರು ಚೆಂಡುಗಳನ್ನೂ ಒಂದೊಂದಾಗಿ ತೂಗಿದೆವು. ಅತ್ಯಂತ ಹಗುರವಾದುದಕ್ಕೂ ಅತ್ಯಂತ ಭಾರವಾದುದಕ್ಕೂ 9 ಗ್ರಾಂ ಅಂತರವಿತ್ತು. ತಪ್ಪು ಕೈಯದೋ ಚೆಂಡಿನದೋ ಎಂಬುದನ್ನು ತಿಳಿಯದೆ ಮಗುವನ್ನು ತಿದ್ದಲಾಗದು. ಅಂದಿನಿಂದ ಈ ವಿಷಯದಲ್ಲಿ ನಮಗೆ ಕುತೂಹಲ ಹುಟ್ಟಿತು.

ಪೂರ್ವದಲ್ಲಿ ಒಳ್ಳೆಯ ಚೆಂಡೆಂದರೆ ಆನೆಯ ದಂತದ್ದು. ಒಂದು ದಂತದಿಂದ ಕೆಲವೇ ಚೆಂಡುಗಳು ದೊರೆಯುತ್ತಿದ್ದುವು. ಅವೂ ಹವೆಯ ತೇವಕ್ಕೆ ಆಕಾರ ಕೆಡುತ್ತಿದ್ದುವು. 1860ರ ದಶಕದಲ್ಲಿ ಅಮೆರಿಕದ ಬಿಲಿಯರ್ಡ್ಸ್ ವ್ಯಾಪಾರಿಗಳು ದಂತಕ್ಕೆ ಬದಲಿ ವಸ್ತುವನ್ನು ಕಂಡುಹಿಡಿದವರಿಗೆ 10,000 ಡಾಲರು ಬಹುಮಾನವನ್ನು ಸಾರಿದರು. ಮುದ್ರಣಾಲಯದಲ್ಲಿ ಕೆಲಸಮಾಡುತ್ತಿದ್ದ ಜಾನ್ ವೆಸ್ಲಿ ಹಯಾತ್ ಎಂಬವರು ಇದರ ಬೆನ್ನುಹತ್ತಿ, 1870ರಲ್ಲಿ ಸೆಲ್ಯುಲಾಯ್ಡಿಗೆ ಪೇಟೆಂಟು ಪಡೆದರು. ಅವರ ಮೊದಮೊದಲಿನ ಚೆಂಡುಗಳ ಹೊದಿಕೆ ಬೇಗ ಉರಿಯತಕ್ಕ ವಸ್ತು. ಎರಡು ಚೆಂಡುಗಳು ಜೋರಾಗಿ ತಾಕಿದರೆ ಪಟಾಕಿಯಂತೆ ಸಣ್ಣ ಸದ್ದಾಗುತ್ತಿತ್ತಂತೆ. ಸದ್ದಾದೊಡನೆ ಕೋಣೆಯಲ್ಲಿದ್ದವರೆಲ್ಲ ಪಿಸ್ತೂಲು ತೆಗೆಯುತ್ತಾರೆಂದು ಕೊಲೊರಾಡೊ ಸೀಮೆಯ ಅಂಗಡಿಕಾರನೊಬ್ಬನು ಬರೆದ ಸಂಗತಿಯನ್ನು ಹಯಾತರೇ ಹೇಳಿಕೊಂಡಿದ್ದಾರೆ.

ಈಗಿನ ಉತ್ತಮ ಚೆಂಡುಗಳ ದ್ರವ್ಯ ಫಿನಾಲಿಕ್ ರೆಸಿನ್. ಇದರ ಮೂಲಪುರುಷರು ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ 1863ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೊ ಬೇಕ್‌ಲಂಡ್. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿಯೂ ವಿದ್ಯುದ್ದೀಪದ ಕಪ್ಪು ಸ್ವಿಚ್ಚುಗಳಲ್ಲಿಯೂ ನಮ್ಮ ವಯಸ್ಸಿನವರು ನೋಡಿರುವ ಬೇಕ್‌ಲೈಟ್ ಇವರದೇ. ಇದು ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕಾಯಿಸಿದರೂ ಕರಗುವುದಿಲ್ಲ. ಇಂದು ಲೋಕಪ್ರಸಿದ್ಧವಾಗಿರುವ ಅರಾಮಿತ್ ಚೆಂಡುಗಳು ತಯಾರಾಗುವುದೂ ಬೆಲ್ಜಿಯಂನಲ್ಲಿಯೇ, ಸಲೂಕ್ ಎಂಬ ಕಾರ್ಖಾನೆಯಲ್ಲಿ.

ಅಗ್ಗದ ಸೆಟ್ಟುಗಳ ದ್ರವ್ಯ ಸಾಮಾನ್ಯವಾಗಿ ಪಾಲಿಯೆಸ್ಟರ್. ಅಂಗಡಿಯಲ್ಲಿ ಎರಡೂ ಒಂದೇ ಹೊಳಪಿನಿಂದ ಕಣ್ಣನ್ನು ಸೆಳೆಯುತ್ತವೆ. ವ್ಯತ್ಯಾಸ ಕಾಣುವುದು ಆಡಿದ ಮೇಲೆ. ಪಾಲಿಯೆಸ್ಟರಿನ ಮೈ ಬೇಗ ಗೀರುಬೀಳುತ್ತದೆ, ಬಿಳಿಯ ಬಣ್ಣ ಹಳದಿಗೆ ತಿರುಗುತ್ತದೆ, ಹೊಳಪು ಹೋಗುತ್ತದೆ. ಜೋರಾದ ಹೊಡೆತದಲ್ಲಿ ಚೆಂಡಿಗೂ ಬಟ್ಟೆಗೂ ಆಗುವ ಘರ್ಷಣೆಯಿಂದ ಒಂದು ಕ್ಷಣ ಬಹಳ ಶಾಖ ಹುಟ್ಟುತ್ತದೆ. ಮೇಜಿನ ಬಟ್ಟೆಯ ಮೇಲೆ ಕಾಣುವ ಸಣ್ಣ ಬಿಳಿಯ ಚುಕ್ಕೆಗಳು ಅದರ ಗುರುತು. ಗೀರುಬಿದ್ದ ಚೆಂಡು ಬಟ್ಟೆಯನ್ನು ಇನ್ನಷ್ಟು ಸವೆಸುತ್ತದೆ. ಚೆಂಡಿನಲ್ಲಿ ಉಳಿಸಿದ ಹಣವನ್ನು ಬಟ್ಟೆ ಬದಲಿಸುವವನಿಗೆ ಕೊಡಬೇಕಾಗುತ್ತದೆ.

ಇನ್ನು ಅಳತೆಯ ವಿಚಾರ. ಪೂಲ್ ಚೆಂಡಿನ ವ್ಯಾಸ ಎರಡೂಕಾಲು ಅಂಗುಲ, ಎಂದರೆ 57.15 ಮಿಲಿಮೀಟರು. ತೂಕ 156ರಿಂದ 170 ಗ್ರಾಂ ವರೆಗೆ ಇರಬಹುದೆಂದು ನಿಯಮ. ನಮ್ಮ ಹಳೆಯ ಲೆಕ್ಕದಲ್ಲಿ ಹೆಚ್ಚೆಂದರೆ ಹದಿನಾಲ್ಕೂವರೆ ತೊಲ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ಗೋಳದ ಮೇಲ್ಮೈಯನ್ನು ಕಂದುಕಕ್ಕೆ ಸುತ್ತ ಹೊದಿಸಿದ ಬಲೆಗೆ ಹೋಲಿಸಿದ್ದಾರೆ. ಆ ಮೇಲ್ಮೈಯನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲ ದೊರೆಯುತ್ತದೆ. ಈ ಕ್ರಮದಿಂದ ನಮ್ಮ ಚೆಂಡಿನ ಘನಫಲ ಸುಮಾರು 97.7 ಘನ ಸೆಂಟಿಮೀಟರು. ವ್ಯಾಸದಲ್ಲಿ ಅರ್ಧ ಮಿಲಿಮೀಟರು ಸವೆದರೆ ಘನಫಲದಲ್ಲಿ ನೂರಕ್ಕೆ ಎರಡೂವರೆಗಿಂತ ಹೆಚ್ಚು ಹೋಯಿತು. ತೂಕದಲ್ಲಿ ನಾಲ್ಕು ಗ್ರಾಂಗೂ ಮೀರಿದ ನಷ್ಟ. ಕಣ್ಣಿಗೆ ಕಾಣದ ಸವೆತವು ಆಟದಲ್ಲಿ ಕಾಣುತ್ತದೆ.

ಇಲ್ಲಿ ಗೃಹಸ್ಥರು ಗಮನಿಸತಕ್ಕ ಮುಖ್ಯಾಂಶವೊಂದುಂಟು. ಪ್ರತಿಯೊಂದು ಚೆಂಡೂ ನಿಯಮದ ಮಿತಿಯೊಳಗಿದ್ದರೆ ಸಾಲದು. ಹದಿನಾರೂ ಪರಸ್ಪರ ಸಮವಾಗಿರಬೇಕು. ಒಂದು 156, ಇನ್ನೊಂದು 170 ಇದ್ದರೆ ಎರಡೂ ನಿರ್ದೋಷಿಗಳೇ. ಆದರೂ ಅವುಗಳ ಸಂಗಮ ದೋಷಯುಕ್ತ. ಸಮತೂಕದ ಎರಡು ಚೆಂಡುಗಳಲ್ಲಿ ಒಂದು ಉರುಳದೆ ಜಾರುತ್ತ ಬಂದು ಇನ್ನೊಂದನ್ನು ನೇರವಾಗಿ ತಾಕಿದರೆ, ತಾಕಿದ್ದು ಅಲ್ಲಿಯೇ ನಿಂತು ಮತ್ತೊಂದು ಅದರ ವೇಗವನ್ನು ಪಡೆದು ಹೊರಡುತ್ತದೆ. ತಾಕಿಸಿಕೊಂಡದ್ದು ಹಗುರವಾಗಿದ್ದರೆ ಬಿಳಿಯ ಚೆಂಡು ಅದರ ಹಿಂದೆಯೇ ಮುಂದುವರಿಯುತ್ತದೆ, ಭಾರವಾಗಿದ್ದರೆ ಹಿಮ್ಮೆಟ್ಟುತ್ತದೆ. ಹೀಗಿರಲು ಕಲಿಯುವ ಮಗುವಿಗೆ ಯಾವ ಪಾಠ ನಿಲ್ಲುತ್ತದೆ?

ತೂಕವಲ್ಲದೆ ಚೆಂಡಿನ ಭಾರಕೇಂದ್ರವು ಸರಿಯಾಗಿ ನಡುವೆ ಇರಬೇಕು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಚೆಂಡನ್ನು ಬಹು ಮೆಲ್ಲನೆ ಉರುಳಿಸಿ ಯಾವ ಕಡೆಗೆ ಸರಿಯುತ್ತದೆಂದು ನೋಡಿ. ಬಳಿಕ ಅದನ್ನು ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿಟ್ಟು ಅದೇ ಜಾಗದಿಂದ ಉರುಳಿಸಿ. ಪ್ರತಿಸಲವೂ ಒಂದೇ ಕಡೆಗೆ ಸರಿದರೆ ಮೇಜು ಓರೆಯಾಗಿದೆ. ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಸರಿದರೆ ದೋಷ ಚೆಂಡಿನದು. ಗಾತ್ರಕ್ಕಾಗಿ ಮೂರು ಚೆಂಡುಗಳನ್ನು ಸಾಲಾಗಿಟ್ಟು ಮೇಲೆ ಗಾಜಿನ ನೇರವಾದ ಪಟ್ಟಿಯೊಂದನ್ನಿಡಬೇಕು. ನಡುವಿನದು ದೊಡ್ಡದಾದರೆ ಪಟ್ಟಿ ತೂಗಾಡುತ್ತದೆ.

ಈಗ ಬೆಲೆಬಾಳುವ ಸೆಟ್ಟುಗಳನ್ನು ಹೋಲಿಸೋಣ. ಅರಾಮಿತ್ ಹೆಸರಿನಲ್ಲಿಯೇ ಹಲವು ತರಗತಿಗಳಿವೆ. ಪ್ರೀಮಿಯಂ ಎಂಬುದು ಅಪ್ಪಟ ಫಿನಾಲಿಕ್. ಇದರ ಮೇಲೆ ಸೂಪರ್ ಅರಾಮಿತ್ ಪ್ರೋ, ಇದರಲ್ಲಿ ಅಳತೆಯ ಕಟ್ಟುನಿಟ್ಟು ಹೆಚ್ಚು. ಅದಕ್ಕೂ ಮೇಲಿನದು ಟೂರ್ನಮೆಂಟ್. ಡ್ಯೂರಾಮಿತ್ ಎಂಬ ವಿಶೇಷ ವಿಧಾನದಿಂದ ಇದು ಇನ್ನೂ ಹೆಚ್ಚು ಕಾಲ ಬಾಳುವುದೆಂದು ತಯಾರಕರ ಮಾತು. 1845ರಲ್ಲಿ ಸ್ಥಾಪಿತವಾದ ಬ್ರನ್ಸ್‌ವಿಕ್ ಸಂಸ್ಥೆಯ ಸೆಂಟೆನಿಯಲ್ ಸೆಟ್ಟು ಅಂಕಿಗಳ ಸುತ್ತಣ ಬಾಣದಾಕಾರದ ಅಲಂಕಾರದಿಂದ ಬಹು ಅಂದವಾಗಿದೆ. ದಿನವೆಲ್ಲ ಆಟ ನಡೆಯುವ ಕ್ಲಬ್ಬಿಗೆ ಟೂರ್ನಮೆಂಟ್ ಸೆಟ್ಟಿನ ಬೆಲೆ ಸಾರ್ಥಕ. ಸಂಜೆ ಒಂದು ಗಂಟೆ ಆಡುವ ಮನೆಗೆ ಪ್ರೀಮಿಯಂ ಸಾಕು. ಸ್ಪರ್ಧೆಗಾಗಿ ಅಭ್ಯಾಸಮಾಡುವ ಮಕ್ಕಳಿದ್ದರೆ ಪ್ರೋ ಕೊಳ್ಳಬಹುದು. ಇದಕ್ಕೂ ಮಿಕ್ಕು ಕೊಡುವ ಹಣ ಅಲಂಕಾರಕ್ಕೆಂದೇ ನಮ್ಮ ಅಭಿಪ್ರಾಯ. ಅಲಂಕಾರ ಬೇಡವೆಂದು ನಾವು ಹೇಳುವುದಿಲ್ಲ. ಅಲಂಕಾರಕ್ಕೆ ಕೊಡುತ್ತಿದ್ದೇವೆಂದು ತಿಳಿದು ಕೊಡಬೇಕು.

ಬಣ್ಣಗಳಲ್ಲಿಯೂ ಭೇದವುಂಟು. ಸಂಪ್ರದಾಯದಂತೆ 4ನೆಯದು ನೇರಳೆ, 7ನೆಯದು ಕಂದುಗೆಂಪು. ದೂರದರ್ಶನದಲ್ಲಿ ನೇರಳೆಯು ನೀಲಿಯಂತೆಯೋ ಕಪ್ಪಿನಂತೆಯೋ ಕಾಣುವುದರಿಂದ, ಕೆಲವು ಸೆಟ್ಟುಗಳಲ್ಲಿ 4ಕ್ಕೆ ಗುಲಾಬಿ, 7ಕ್ಕೆ ತಿಳಿಗಂದು ಕೊಟ್ಟಿದ್ದಾರೆ. ನೆಲಮಾಳಿಗೆಯ ಮಂದ ಬೆಳಕಿನಲ್ಲಿ ಆಡುವ ವೃದ್ಧರಿಗೆ ಇದು ನಿಜವಾಗಿಯೂ ಉಪಕಾರಿ. ಬಿಳಿಯ ಚೆಂಡಿನ ಮೇಲೆ ಆರು ಕೆಂಪು ಚುಕ್ಕೆಗಳಿರುವ ಬಗೆಯೂ ದೊರೆಯುತ್ತದೆ. ಚೆಂಡು ಯಾವ ಕಡೆಗೆ ಸುತ್ತುತ್ತಿದೆಯೆಂಬುದು ಚುಕ್ಕೆಗಳಿಂದ ಕಣ್ಣಿಗೆ ಕಾಣುವುದರಿಂದ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯರಿಲ್ಲ.

ಬೆಂಗಳೂರಿನಲ್ಲಿ ಕೊಳ್ಳುವವರು ಗಾತ್ರದ ವಿಷಯದಲ್ಲಿ ಮೋಸಹೋಗಬಾರದು. ಪಂಕಜ್ ಆಡ್ವಾಣಿಯವರಂಥ ವಿಶ್ವವಿಜೇತರಿರುವ ಆ ನಗರದಲ್ಲಿ ಸ್ನೂಕರ್, ಬಿಲಿಯರ್ಡ್ಸ್ ಆಟಗಳ ಬಳಕೆ ಹೆಚ್ಚು. ಅವುಗಳ ಚೆಂಡು 52.5 ಮಿಲಿಮೀಟರಿನದು. ಇಂಗ್ಲೆಂಡಿನ ಪದ್ಧತಿಯ ಕೆಂಪು ಹಳದಿ ಪೂಲ್ ಚೆಂಡು ಎರಡೇ ಅಂಗುಲದ್ದು. ಮೇಜಿನ ಅಂಚಿನ ರಬ್ಬರಿನ ಎತ್ತರವನ್ನು ಚೆಂಡಿನ ವ್ಯಾಸಕ್ಕೆ ಹೊಂದಿಸಿರುತ್ತಾರೆ. ಅಮೆರಿಕದ ಪೂಲ್ ಮೇಜಿನಲ್ಲಿ ಅದು ವ್ಯಾಸದ ನೂರಕ್ಕೆ 63.5 ಭಾಗ. ಬೇರೆ ಗಾತ್ರದ ಚೆಂಡನ್ನು ಆಡಿದರೆ ಅದು ಅಂಚಿಗೆ ತಾಕಿ ಸರಿಯಾಗಿ ಹಿಂದಿರುಗುವುದಿಲ್ಲ.

ಚೆಂಡುಗಳನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನಿಂದ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಪಾತ್ರೆ ತಿಕ್ಕುವ ಪುಡಿ, ಒರಟು ನಾರು ಸರ್ವಥಾ ಕೂಡದು. ಕೋಲಿನ ತುದಿಗೆ ಹಚ್ಚುವ ನೀಲಿ ಸೀಮೆಸುಣ್ಣದ ಪುಡಿಯೇ ಚೆಂಡಿಗೂ ಬಟ್ಟೆಗೂ ದೊಡ್ಡ ಶತ್ರು. ಪ್ರತಿಯೊಂದು ಹೊಡೆತದಲ್ಲಿಯೂ ದುಡಿಯುವುದು ಬಿಳಿಯ ಚೆಂಡೊಂದೇ ಆದುದರಿಂದ ಅದೇ ಮೊದಲು ಸವೆಯುತ್ತದೆ. ಅದರ ತೂಕವನ್ನು ಕೊಂಡ ದಿನವೇ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಟ್ಟು, ವರ್ಷಕ್ಕೊಮ್ಮೆ ತೂಗಿ ನೋಡಬೇಕು. ಎರಡು ಮೂರು ಗ್ರಾಂ ಇಳಿದಿದ್ದರೆ ಇಡೀ ಸೆಟ್ಟನ್ನು ಬದಲಿಸಬೇಕಾಗಿಲ್ಲ. ಅದೇ ತಯಾರಕರ, ಅದೇ ತರಗತಿಯ ಬಿಳಿಯ ಚೆಂಡು ಒಂಟಿಯಾಗಿಯೂ ಸಿಕ್ಕುತ್ತದೆ. ಅದನ್ನು ತರುವಾಗ ಮಿಕ್ಕ ಹದಿನೈದರ ಈಗಿನ ತೂಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.