ಬೇಹಿನ ಕತೆಗಳಲ್ಲಿ ಹೆಣ್ಣು

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಪಾಳಿ ಮುಗಿಸಿ ಬರುವವರು, ಇಲ್ಲವೇ ಕಚೇರಿಯಿಂದ ನೇರವಾಗಿ ಬರುವವರು. ದಣಿದು ಬಂದವರ ಕೈ ಮೊದಲು ಪತ್ತೇದಾರಿ ಕಾದಂಬರಿಯ ಕಡೆಗೆ ಹೋದರೆ ಅದರಲ್ಲಿ ತಪ್ಪೇನೂ ಇಲ್ಲ. ಎನ್. ನರಸಿಂಹಯ್ಯನವರ ಕಾದಂಬರಿಗಳಿಂದಲೇ ಓದುವ ಹವ್ಯಾಸ ಹಿಡಿದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. 1968ರಲ್ಲಿ ತೆರೆಕಂಡ ‘ಜೇಡರ ಬಲೆ’ಯ ಸಿ.ಐ.ಡಿ. 999 ಮನೆಮಾತಾದದ್ದೂ ಎಲ್ಲರಿಗೆ ತಿಳಿದದ್ದೇ. ಆದರೆ ಇಂಥ ಕತೆಗಳಲ್ಲಿ ಹೆಣ್ಣಿಗೆ ಸಿಗುವ ಪಾತ್ರ ಸಾಮಾನ್ಯವಾಗಿ ಎರಡೇ: ನಾಯಕನನ್ನು ಬಲೆಗೆ ಕೆಡವುವ ಮೋಹಿನಿ, ಅಥವಾ ನಾಯಕನು ಬಿಡಿಸಿ ತರಬೇಕಾದ ಸೆರೆಯಾಳು. ಈಗೀಗ ಹೆಣ್ಣೇ ನಾಯಕಿಯಾದ ಬೇಹಿನ ಕತೆಗಳೂ ಬರುತ್ತಿವೆ. 2018ರ ‘ರಾಝಿ’ ಎಂಬ ಹಿಂದಿ ಚಿತ್ರ ಅಂಥದ್ದು. ನಿಜವಾದ ಬೇಹಿನ ಕೆಲಸ ಹೇಗಿರುತ್ತದೆ, ಅದರಲ್ಲಿ ಹೆಂಗಸರು ಏನು ಮಾಡಿದರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ನಮ್ಮ ಮೈಸೂರಿನಿಂದಲೇ ಹೊರಡೋಣ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ಗೂಢಚಾರರ ಪಟ್ಟಿ ಇದೆ. ಅದರಲ್ಲಿ ಪರಿವ್ರಾಜಿಕೆ ಎಂಬುವಳೂ ಒಬ್ಬಳು. ಅವಳು ಬಡ ವಿಧವೆ, ಮಾತಿನಲ್ಲಿ ಧೈರ್ಯವಂತೆ, ಹೊಟ್ಟೆಪಾಡಿಗೆ ಕೆಲಸ ಬೇಕಾದವಳು. ಅಂತಃಪುರದಲ್ಲಿ ಅವಳಿಗೆ ಗೌರವವುಂಟು. ದೊಡ್ಡ ಅಧಿಕಾರಿಗಳ ಮನೆಯೊಳಗೆ ಹೋಗಿಬರಲು ತಡೆಯಿಲ್ಲ. ರೂಪಿನ ಮಾತು ಇಲ್ಲಿ ಬರುವುದೇ ಇಲ್ಲ. ಯಾರೂ ಸಂಶಯಪಡದೆ ಒಳಗೆ ಬಿಡುತ್ತಾರೆ ಎಂಬುದೇ ಅವಳ ಯೋಗ್ಯತೆ. ಕೌಟಿಲ್ಯನು ಇನ್ನೂ ಎರಡು ನಿಯಮ ಹೇಳುತ್ತಾನೆ. ಸುದ್ದಿ ಗೂಢಲಿಪಿಯಲ್ಲಿ ಹೋಗಬೇಕು. ಬೇಹಿನವರು ಒಬ್ಬರನ್ನೊಬ್ಬರು ಅರಿಯಬಾರದು.

ಈ ಎರಡು ನಿಯಮಗಳ ಬೆಲೆ ಎಷ್ಟೆಂಬುದನ್ನು ತನ್ನ ಪ್ರಾಣದಿಂದಲೇ ತಿಳಿದ ಹೆಣ್ಣುಮಗಳೊಬ್ಬರಿದ್ದರು. ಅವರ ಹೆಸರು ನೂರ್ ಇನಾಯತ್ ಖಾನ್. ಮೈಸೂರಿನ ಟೀಪೂ ಸುಲ್ತಾನನ ವಂಶದವರು. ಬಡೋದೆಯಲ್ಲಿ ಹುಟ್ಟಿದ ತಂದೆ ಇನಾಯತ್ ಖಾನರು ಸಂಗೀತಗಾರರು, ಸೂಫಿ ಗುರುಗಳು, ತಾಯಿ ಅಮೆರಿಕದವರು. ನೂರ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸಿನ ಹತ್ತಿರ ಬೆಳೆದರು. ಮಕ್ಕಳಿಗೆ ಕತೆ ಬರೆಯುತ್ತಿದ್ದರು. 1939ರಲ್ಲಿ ಜಾತಕ ಕತೆಗಳ ಪುಸ್ತಕವೊಂದನ್ನು ಪ್ರಕಟಿಸಿದ್ದರು. 1940ರಲ್ಲಿ ಫ್ರಾನ್ಸ್ ಜರ್ಮನರ ವಶವಾದಾಗ ಮನೆಯವರೊಡನೆ ಇಂಗ್ಲೆಂಡಿಗೆ ಬಂದು, ವಾಯುಪಡೆಯ ಮಹಿಳಾ ದಳ ಸೇರಿ, ತಂತಿಯಿಲ್ಲದ ವಾರ್ತಾಯಂತ್ರ ನಡೆಸುವುದನ್ನು ಕಲಿತರು. ಬೇಹಿನ ಕೆಲಸಕ್ಕೆ ಈಕೆ ತಕ್ಕವಳೇ ಎಂದು ಕಲಿಸಿದವರಲ್ಲೇ ಕೆಲವರಿಗೆ ಸಂದೇಹವಿತ್ತು. ಆದರೂ 1943ರ ಜೂನ್ ತಿಂಗಳಲ್ಲಿ ಆಕೆಯನ್ನು ರಾತ್ರಿ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಿದರು. ಬ್ರಿಟನ್ನಿನಿಂದ ಅಲ್ಲಿಗೆ ವಾರ್ತಾಯಂತ್ರದ ಕೆಲಸಕ್ಕೆ ಹೋದ ಮೊದಲ ಹೆಂಗಸು ಆಕೆಯೇ.

ಆ ಕೆಲಸ ಎಂಥದ್ದೆಂದು ಸ್ವಲ್ಪ ವಿವರಿಸಬೇಕು. ಸುಮಾರು 15 ಕಿಲೋ ತೂಗುವ ಯಂತ್ರ ಒಂದು ಸೂಟ್‌ಕೇಸಿನೊಳಗೆ ಇರುತ್ತಿತ್ತು. ಸುದ್ದಿಯನ್ನು ಗೂಢಲಿಪಿಗೆ ತಿರುಗಿಸಿ, ಐದೈದು ಅಕ್ಷರಗಳ ಗುಂಪು ಮಾಡಿ, ಗೊತ್ತುಮಾಡಿದ ಹೊತ್ತಿಗೆ ಒಂದೊಂದಾಗಿ ತಟ್ಟಿ ಕಳಿಸಬೇಕು. ಲೆಕ್ಕದ ಪುಸ್ತಕದಲ್ಲಿ ಒಂದಂಕಿ ತಪ್ಪಿದರೆ ಏನಾಗುತ್ತದೆಂದು ನಮ್ಮ ಗುಮಾಸ್ತ ಮಿತ್ರರಿಗೆ ಗೊತ್ತು, ಇಲ್ಲಿಯೂ ಹಾಗೆಯೇ. ಯಂತ್ರ ತಟ್ಟತೊಡಗಿದೊಡನೆ ಜರ್ಮನರು ಬೇರೆ ಬೇರೆ ಕಡೆಯಿಂದ ಅದರ ದಿಕ್ಕು ಅಳೆಯುತ್ತಿದ್ದರು. ಆ ಗೆರೆಗಳು ಕೂಡುವಲ್ಲಿಗೆ ಗಾಡಿ ಕಳಿಸಿ ಮನೆಮನೆ ಶೋಧಿಸುತ್ತಿದ್ದರು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಅಪಾಯ. ಆದ್ದರಿಂದ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ತಿರುಗಬೇಕಾಗಿತ್ತು.

ನೂರ್ ಸೇರಿದ ಗುಂಪಿನಲ್ಲಿ ಹಲವರಿಗೆ ಹಲವರ ಪರಿಚಯವಿತ್ತು. ಆಕೆ ಬಂದ ಕೆಲವೇ ದಿನಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸೆರೆಯಾದರು. ಹಿಂದಿರುಗಿ ಬಾ ಎಂದು ಲಂಡನ್ನಿನವರು ಕರೆದರೂ, ಸುದ್ದಿ ಕಳಿಸಲು ಬೇರೆ ಯಾರೂ ಉಳಿದಿಲ್ಲವೆಂದು ಆಕೆ ಹೋಗಲಿಲ್ಲ. ಮೂರು ತಿಂಗಳಿಗೂ ಮೀರಿ ಕೆಲಸ ನಡೆಸಿದ ಮೇಲೆ, ಅಕ್ಟೋಬರಿನಲ್ಲಿ ಯಾರೋ ಕೊಟ್ಟ ಸುಳಿವಿನಿಂದ ಸಿಕ್ಕಿಬಿದ್ದರು. ಕಳಿಸಿದ ಸುದ್ದಿಗಳನ್ನೆಲ್ಲ ಆಕೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದು ಜರ್ಮನರ ಕೈಸೇರಿತು. ಆಕೆಯ ಹೆಸರಿನಲ್ಲಿಯೇ ಅವರು ಲಂಡನ್ನಿಗೆ ಸುಳ್ಳು ಸುದ್ದಿ ಕಳಿಸಿದರು. ಅದನ್ನು ನಂಬಿ ಬಂದಿಳಿದವರೂ ಸೆರೆಯಾದರು. ಈ ತಪ್ಪನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಆಕೆಯ ಬಾಯಿಂದ ಮಾತ್ರ ಏನೂ ಹೊರಡಲಿಲ್ಲ. ತಪ್ಪಿಸಿಕೊಳ್ಳಲು ಪ್ರಯತ್ನಿಸಿದ್ದರಿಂದ ಜರ್ಮನಿಯ ಸೆರೆಮನೆಯೊಂದರಲ್ಲಿ ತಿಂಗಳುಗಟ್ಟಲೆ ಸಂಕೋಲೆ ತೊಡಿಸಿ ಒಂಟಿಯಾಗಿ ಇಟ್ಟರು. 1944ರ ಸೆಪ್ಟೆಂಬರ್ 13ರಂದು ದಾಖಾವ್ ಶಿಬಿರದಲ್ಲಿ ಇನ್ನೂ ಮೂವರು ಹೆಂಗಸರೊಡನೆ ಗುಂಡಿಟ್ಟು ಕೊಂದರು. ಆಗ ಆಕೆಗೆ 30 ವರ್ಷ. 1949ರಲ್ಲಿ ಬ್ರಿಟನ್ ಸರ್ಕಾರ ಜಾರ್ಜ್ ಕ್ರಾಸ್ ಪದಕ ನೀಡಿತು.

ಇದೇ ಬಗೆಯ ಬೇಟೆ ನಮ್ಮ ಮುಂಬಯಿಯಲ್ಲೂ ನಡೆದಿತ್ತು. ಆದರೆ ಇಲ್ಲಿ ಬೆನ್ನಟ್ಟಿದವರು ಬ್ರಿಟಿಷರೇ. 1942ರ ಆಗಸ್ಟ್‌ನಲ್ಲಿ ನಾಯಕರೆಲ್ಲ ಸೆರೆಯಾಗಿ, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ, 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತಲೇ ಇದ್ದರು. ನವೆಂಬರ್ 12ರಂದು ಪೊಲೀಸರು ಹಿಡಿದರು. ಅಲ್ಲಿಯೂ ಸುಳಿವು ಒಳಗಿನವನಿಂದಲೇ ಸಿಕ್ಕಿತ್ತು. ಎಷ್ಟು ಕೇಳಿದರೂ ಉಷಾ ಮೆಹ್ತಾ ಉತ್ತರ ಕೊಡಲಿಲ್ಲ. ನಾಲ್ಕು ವರ್ಷದ ಶಿಕ್ಷೆಯಾಯಿತು. ಮುಂದೆ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಿದರು.

ಅದೇ ಯುದ್ಧಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುವಿನ ಗೂಢಲಿಪಿ ಒಡೆಯುವ ಕಚೇರಿಯಲ್ಲಿ ದುಡಿದವರಲ್ಲಿ ನಾಲ್ವರಲ್ಲಿ ಮೂವರು ಹೆಂಗಸರು. ಅವರದು ಪಾಳಿಯ ಕೆಲಸ: ಯಂತ್ರ ನೋಡುವುದು, ಪಟ್ಟಿ ಮಾಡುವುದು, ನಕಲು ತೆಗೆಯುವುದು. ಮನೆಯಲ್ಲಿ ಹೇಳುವಂತಿರಲಿಲ್ಲ. ಮಗಳು ಯುದ್ಧಕ್ಕೆ ಏನು ಮಾಡಿದಳೆಂದು ಅರಿಯದೆಯೇ ತೀರಿಕೊಂಡ ತಂದೆತಾಯಿಗಳಿದ್ದರು.

ಆದ್ದರಿಂದ ವಾಚಕರು ಮುಂದಿನ ಸಲ ಇಂಥ ಕಾದಂಬರಿ ಹಿಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಹೆಣ್ಣಿಗೆ ಸುದ್ದಿ ಹೇಗೆ ಸಿಕ್ಕಿತು? ಅದು ಯಾವ ದಾರಿಯಲ್ಲಿ ಹೋಯಿತು? ಅದಕ್ಕೆ ಬೆಲೆ ತೆತ್ತವರು ಯಾರು? ಬರಿಯ ಚೆಲುವಿನಿಂದಲೇ ಎಲ್ಲ ಬಾಗಿಲೂ ತೆರೆದರೆ ಅದು ಹೊತ್ತು ಕಳೆಯುವ ಕತೆ. ಹಾಗೆಂದೇ ಓದಿ ಸಂತೋಷಪಡೋಣ. ಮೂರಕ್ಕೂ ಉತ್ತರ ಕೊಡುವ ಪುಸ್ತಕ ಸಿಕ್ಕರೆ ಇನ್ನೊಬ್ಬರಿಗೂ ತಿಳಿಸೋಣ. ಇರುಳು ಪಾಳಿ ಮುಗಿಸಿ ಐರೋಲಿ ಸ್ಟೇಷನ್ನಿನಲ್ಲಿ ಇಳಿಯುವ ನಮ್ಮ ಅಕ್ಕತಂಗಿಯರಿಗೆ ಅಂಥ ಪುಸ್ತಕದ ನಾಯಕಿ ಹೊರಗಿನವಳೆಂದು ತೋರಲಾರಳು.