ಮನೆಯಂಗಳದ ಕುಂಡಗಳಲ್ಲಿ ಮಲ್ಲಿಗೆಯ ಸಾಗುವಳಿ

ಮಲ್ಲಿಗೆಯು ದೇವರ ಪೂಜೆಗೂ, ಹೆಂಗಸರ ಮುಡಿಗೂ, ಮದುವೆ ಮುಂಜಿಗಳಿಗೂ ಬೇಕಾದ ಹೂವು. ಮೈಸೂರು, ಹಡಗಲಿ, ಉಡುಪಿ ಈ ಮೂರು ಸ್ಥಳಗಳ ಮಲ್ಲಿಗೆಗಳು ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನು ಪಡೆದಿರುವುವು. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತುಮುತ್ತ ಅನೇಕ ಕುಟುಂಬಗಳು ಅಲ್ಪ ಸ್ಥಳದಲ್ಲಿಯೇ ಈ ಗಿಡಗಳನ್ನು ಸಾಕಿ ನಿತ್ಯದ ಖರ್ಚಿಗೆ ಒದಗಿಸಿಕೊಳ್ಳುತ್ತಿರುವುವು. ಭೂಮಿಯಿಲ್ಲದವರೂ, ತೋಟವು ಮನೆಗೆ ದೂರವಾಗಿರುವವರೂ ಇದನ್ನು ಅಂಗಳದ ಕುಂಡಗಳಲ್ಲಿ ಬೆಳೆಯಬಹುದು. ಇಲ್ಲಿ ಹೇಳಿರುವ ಕ್ರಮವು ದುಂಡುಮಲ್ಲಿಗೆಗೂ ಉಡುಪಿ ಮಲ್ಲಿಗೆಗೂ ಹೊಂದುವುದು.

ಆದರೆ ಅನೇಕ ಮನೆಗಳಲ್ಲಿ ಕುಂಡದ ಮಲ್ಲಿಗೆಯು ಮೊದಲನೆಯ ವರ್ಷ ಎಲೆಗಳನ್ನು ಮಾತ್ರ ತೋರಿಸಿ, ಎರಡನೆಯ ವರ್ಷದ ಮಳೆಗಾಲದಲ್ಲಿ ಸತ್ತುಹೋಗುವುದುಂಟು. ಗಿಡವು ಜಾತಿಯದಲ್ಲವೆಂದೂ, ಮಣ್ಣು ಸರಿಯಿಲ್ಲವೆಂದೂ, ಕಣ್ಣು ತಗುಲಿತೆಂದೂ ಜನರು ಹೇಳುವರು. ಹೆಚ್ಚಾಗಿ ಕಾರಣಗಳು ಎರಡೇ: ಬೇರಿನ ಬಳಿ ನೀರು ನಿಲ್ಲುವುದು ಒಂದು, ಕಾಲದಲ್ಲಿ ಕತ್ತರಿಸದಿರುವುದು ಇನ್ನೊಂದು.

ನೀರು ನಿಂತರೆ ಆಗುವ ಕೇಡು

ಬೇರುಗಳಿಗೆ ನೀರು ಬೇಕಾದಂತೆಯೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲವೂ ನೀರಿನಿಂದಲೇ ತುಂಬಿದ್ದರೆ ಗಾಳಿಗೆ ಎಡೆಯಿಲ್ಲದೆ ಬೇರುಗಳು ಕೊಳೆಯುವುವು. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಮಣ್ಣು ಒದ್ದೆಯಾಗಿದ್ದರೂ ಎಲೆಗಳು ಬಾಡಿ ಜೋಲುವುವು. ಇದನ್ನು ಕಂಡು ಗಿಡಕ್ಕೆ ಬಾಯಾರಿಕೆಯೆಂದು ತಿಳಿದು ಮನೆಯವರು ಮತ್ತೆ ನೀರು ಹೊಯ್ಯುವರು. ಹೀಗೆ ಪ್ರೀತಿಯಿಂದ ನೀರೆರೆಯುವ ಕೈಯೇ ಗಿಡಕ್ಕೆ ಮೃತ್ಯುವಾಗುವುದು.

ಇದಕ್ಕೆ ಸುಲಭವಾದ ಪರೀಕ್ಷೆಯೊಂದುಂಟು. ನೀರು ಹಾಕುವುದಕ್ಕೆ ಮುಂಚೆ ಬೆರಳನ್ನು ೨ ಅಂಗುಲ ಆಳಕ್ಕೆ ಮಣ್ಣಿನಲ್ಲಿ ಇಳಿಸಿ ನೋಡತಕ್ಕದ್ದು. ತಂಪು ತಗುಲಿದರೆ ಆ ದಿನ ನೀರು ಬೇಡ; ಒಣಗಿದ್ದರೆ ಕುಂಡದ ತಳದ ತೂತಿನಿಂದ ನೀರು ಹೊರಬರುವಷ್ಟು ಹೊಯ್ಯತಕ್ಕದ್ದು. ಬೇಸಗೆಯಲ್ಲಿ ದಿನವೂ ನೀರು ಬೇಕಾಗಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ಬೇಡವಾಗಬಹುದು.

ಕುಂಡ ಮತ್ತು ಮಣ್ಣು

ಕುಂಡವು ೧೨ ರಿಂದ ೧೪ ಅಂಗುಲ ಬಾಯಿಯೂ ಅಷ್ಟೇ ಆಳವೂ ಉಳ್ಳದ್ದಾಗಿರಬೇಕು. ತಳದಲ್ಲಿ ಹೆಬ್ಬೆರಳು ಹಿಡಿಯುವಷ್ಟು ತೂತು ಇರಬೇಕು. ತೂತಿನ ಮೇಲೆ ಬಾಗಿದ ಹೆಂಚಿನ ಚೂರೊಂದನ್ನು ಕವುಚಿಟ್ಟರೆ ಸಾಕು. ಕುಂಡದ ಕಾಲು ಭಾಗಕ್ಕೆ ಜಲ್ಲಿಯನ್ನು ತುಂಬುವ ವಾಡಿಕೆಯು ಪ್ರಯೋಜನಕರವಲ್ಲ. ಮೇಲಿನ ನುಣುಪಾದ ಮಣ್ಣು ನೀರಿನಿಂದ ಪೂರ್ತಿಯಾಗಿ ತೊಯ್ದ ಹೊರತು ನೀರು ಜಲ್ಲಿಗೆ ಇಳಿಯದಾದ್ದರಿಂದ, ಒದ್ದೆಯ ಪದರವು ಬೇರಿಗೆ ಇನ್ನಷ್ಟು ಸಮೀಪವಾಗುವುದು. ಕುಂಡವನ್ನು ನೆಲದ ಮೇಲೆ ಇಡದೆ ಮೂರು ಇಟ್ಟಿಗೆಗಳ ಮೇಲೆ ಕೂರಿಸಬೇಕು.

ಕೆಮ್ಮಣ್ಣು ೨ ಪಾಲು, ಮರಳು ೧ ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ೧ ಪಾಲು, ಇವುಗಳನ್ನು ಬೆರಸಿ ತುಂಬಬೇಕು. ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಕುಂಡಕ್ಕೆ ತಕ್ಕುದಲ್ಲ. ಎರೆನಾಡಿನವರು ಕೆಮ್ಮಣ್ಣನ್ನು ತರಿಸಿಕೊಳ್ಳುವುದು ಲೇಸು. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ಹಳದಿಯಾಗುವುವು. ಇದು ಕಬ್ಬಿಣದ ಕೊರತೆಯ ಗುರುತು. ೧ ಲೀಟರು ನೀರಿಗೆ ೫ ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳಿಗೆ ಸಿಂಪಡಿಸಿದರೆ ಹಸಿರು ಮರಳುವುದು.

ಸಸಿ ಮಾಡುವುದು

ಮುಂಗಾರಿನ ಆರಂಭದಲ್ಲಿ ಪೆನ್ಸಿಲಿನ ದಪ್ಪದ, ಅರೆಬಲಿತ ಕಡ್ಡಿಗಳನ್ನು ೬ ಅಂಗುಲ ಉದ್ದಕ್ಕೆ ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ನೆರಳಿನಲ್ಲಿ ನೆಡಬೇಕು. ಸುಮಾರು ಒಂದೂವರೆ ತಿಂಗಳಲ್ಲಿ ಬೇರು ಬರುವುದು. ಮೂರು ತಿಂಗಳಾದ ಮೇಲೆ ಕುಂಡಕ್ಕೆ ಬದಲಾಯಿಸಬಹುದು. ಆಮೇಲೆ ಗಿಡಕ್ಕೆ ದಿನಕ್ಕೆ ೬ ಗಂಟೆಗಳಿಗೆ ಕಡಮೆಯಿಲ್ಲದೆ ಬಿಸಿಲು ಬೀಳಬೇಕು. ನೆರಳಿನಲ್ಲಿಟ್ಟ ಮಲ್ಲಿಗೆಯು ಸೊಪ್ಪಿಗೇ ಹೊರತು ಹೂವಿಗಲ್ಲ. ಸೂರಿನ ನೀರು ಧಾರೆಯಾಗಿ ಬೀಳುವ ಸ್ಥಳದಲ್ಲಿ ಕುಂಡವನ್ನು ಇಡಕೂಡದು.

ಕತ್ತರಿಸುವುದು

ಮಲ್ಲಿಗೆಯ ಮೊಗ್ಗುಗಳು ಹೊಸ ಚಿಗುರಿನಲ್ಲಿ ಬರುವುವೇ ಹೊರತು ಹಳೆಯ ಕೊಂಬೆಯಲ್ಲಿ ಅಲ್ಲ. ಆದುದರಿಂದ ಗಿಡವನ್ನು ಕತ್ತರಿಸಲು ಮನಸ್ಸಾಗದವನು ತನ್ನ ಹೂವನ್ನೇ ಕಳೆದುಕೊಂಡಂತೆ. ಮಳೆಯು ನಿಂತ ಮೇಲೆ, ನವೆಂಬರು ಕೊನೆಯಲ್ಲಿ, ಎರಡು ವಾರ ನೀರನ್ನು ಕಡಮೆ ಮಾಡುತ್ತ ಬರಬೇಕು. ಆದರೆ ಕುಂಡದಲ್ಲಿ ಮಣ್ಣು ಸ್ವಲ್ಪವೇ ಇರುವುದರಿಂದ ಪೂರ್ತಿಯಾಗಿ ಒಣಗಿಸಬಾರದು. ಬಳಿಕ ಗಿಡವನ್ನು ಒಂದೂವರೆ ಅಡಿ ಎತ್ತರಕ್ಕೆ ಹರಿತವಾದ ಕತ್ತರಿಯಿಂದ ಕತ್ತರಿಸಿ, ಒಣಗಿದ ಮತ್ತು ಒಂದಕ್ಕೊಂದು ಅಡ್ಡವಾದ ಕಡ್ಡಿಗಳನ್ನು ತೆಗೆದುಹಾಕಬೇಕು. ಮೇಲಿನ ೨ ಅಂಗುಲ ಮಣ್ಣನ್ನು ತೆಗೆದು ಹೊಸ ಗೊಬ್ಬರ ಮಣ್ಣನ್ನು ತುಂಬಿ ನೀರು ಕೊಟ್ಟರೆ, ಗಿಡವು ಚಿಗುರಿ ಮಾರ್ಚಿಯ ವೇಳೆಗೆ ಮೊಗ್ಗು ಹಿಡಿಯುವುದು.

ಗೊಬ್ಬರ ಮತ್ತು ಕೀಟಗಳು

ಕಡಲೆಕಾಯಿ ಹಿಂಡಿಯನ್ನೂ ಸಗಣಿಯನ್ನೂ ನೀರಿನಲ್ಲಿ ಕೆಲವು ದಿನ ಕೊಳೆಯಿಸಿ, ಹತ್ತರಷ್ಟು ನೀರು ಬೆರಸಿ, ೧೫ ದಿನಗಳಿಗೊಮ್ಮೆ ಹಾಕಬಹುದು. ವರ್ಷಕ್ಕೆರಡು ಸಲ ಒಂದೊಂದು ಹಿಡಿ ಎಲುಬಿನ ಪುಡಿಯನ್ನೂ ಬೇವಿನ ಹಿಂಡಿಯನ್ನೂ ಕೊಡಬೇಕು. ಯೂರಿಯವನ್ನೇ ಹೆಚ್ಚಾಗಿ ಹಾಕಿದರೆ ಸೊಪ್ಪು ಬೆಳೆದು ಹೂವು ಕಡಮೆಯಾಗುವುದು.

ಮೊಗ್ಗು ಕೊರೆಯುವ ಹುಳುವು ಮೊಗ್ಗುಗಳನ್ನು ನೂಲಿನಿಂದ ಹೆಣೆದು ಒಳಗೆ ತಿನ್ನುವುದು. ಮೊಗ್ಗಿನ ನೊಣದ ಮರಿಗಳಿಂದ ಮೊಗ್ಗು ಬುಡದಲ್ಲಿ ಊದಿ, ನೇರಳೆ ಬಣ್ಣಕ್ಕೆ ತಿರುಗಿ ಒಣಗುವುದು. ಇಂಥ ಮೊಗ್ಗುಗಳನ್ನು ನೆಲಕ್ಕೆ ಎಸೆಯದೆ ಆರಿಸಿ ಸುಟ್ಟುಹಾಕಬೇಕು. ೧ ಲೀಟರು ನೀರಿಗೆ ೫ ಮಿಲಿಲೀಟರು ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ, ಹೂ ಬಿಡಿಸಿದ ಮೇಲೆ ಸಂಜೆಯ ಹೊತ್ತು ಸಿಂಪಡಿಸಬಹುದು. ಮುಡಿಯುವ ಹೂವಿಗೆ ಘೋರವಾದ ವಿಷಗಳನ್ನು ಹೊಡೆಯುವುದು ಯುಕ್ತವಲ್ಲ.

ಹೂ ಬಿಡಿಸುವುದು

ಬಲಿತು ಬೆಳ್ಳಗಾದ, ಆದರೆ ಅರಳದ ಮೊಗ್ಗುಗಳನ್ನು ಬಿಸಿಲೇರುವ ಮುನ್ನ ಬಿಡಿಸಬೇಕು. ಉಡುಪಿಯ ಕಡೆ ೮೦೦ ಹೂಗಳಿಗೆ ಒಂದು ಚೆಂಡು, ೪ ಚೆಂಡುಗಳಿಗೆ ಒಂದು ಅಟ್ಟೆ ಎಂಬುದು ಲೆಕ್ಕ. ಒಂದು ಕುಂಡವು ಒಂದು ದಿನ ೪೦ ಮೊಗ್ಗುಗಳನ್ನು ಕೊಟ್ಟಿತೆಂದು ಎಣಿಸಿದರೂ ಒಂದು ಚೆಂಡಿಗೆ ೨೦ ಕುಂಡಗಳು ಬೇಕು. ಹೂವಿನ ಧಾರಣೆಯೂ ಹಬ್ಬ ಮದುವೆಗಳ ದಿನ ಏರಿ, ಮಿಕ್ಕ ದಿನಗಳಲ್ಲಿ ಇಳಿಯುವುದು. ಆದುದರಿಂದ ಸಾಲ ಮಾಡಿ ಒಮ್ಮೆಗೇ ನೂರು ಕುಂಡಗಳನ್ನು ಕೊಳ್ಳುವಂತೆ ಬಡವರಿಗೆ ಯಾರೂ ಹೇಳಕೂಡದು. ನಾಲ್ಕೈದು ಕುಂಡಗಳಿಂದ ಆರಂಭಿಸಿ, ಒಂದು ಮಳೆಗಾಲವನ್ನು ದಾಟಿಸಿ, ತಮ್ಮ ಗಿಡಗಳ ಕಡ್ಡಿಗಳಿಂದಲೇ ಹೆಚ್ಚಿಸಿಕೊಳ್ಳುವುದು ಕ್ಷೇಮವಾದ ಮಾರ್ಗ.

ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ತಮ್ಮ ಮನೆಯ ಮುಂದೆ ಎರಡು ಕುಂಡಗಳನ್ನು ಈ ಕ್ರಮದಲ್ಲಿ ಸಾಕಿ, ಕತ್ತರಿಸುವ ದಿನ ನೆರೆಯವರನ್ನು ಕರೆದು ತೋರಿಸಿ, ಕತ್ತರಿಸಿದ ಕಡ್ಡಿಗಳಲ್ಲಿ ನೆಡಲು ತಕ್ಕವನ್ನು ಹಂಚಿದರೆ, ಅದೇ ಊರಿಗೆ ಉತ್ತಮವಾದ ಪಾಠವಾಗುವುದು.